ಬದುಕಿನ ಘಟ್ಟಗಳಿಗೆ ಹಾಡು ಅಂಟಿಕೊಳ್ಳುವುದು ಹೇಗೆ, ಆ ನಂಟು ಸವೆಯುವುದು ಯಾವಾಗ?

ಮಂದ್ರಸ್ಥಾಯಿ (ಚರ್ಚೆಯ ಆರಂಭ):

ನಮಗೆ ಪ್ರಿಯವಾದ ಹಾಡುಗಳು ನೂರಾರು ಇರಬಹುದು. ಆದರೆ ಅವುಗಳಲ್ಲಿ ಕೆಲವು ಮಾತ್ರ ಬದುಕಿನ ಒಂದು ನಿರ್ದಿಷ್ಟ ಘಟ್ಟಕ್ಕೆ ಅಂಟಿಕೊಂಡುಬಿಡುತ್ತವೆ. ಮುಂದೆ ಎಲ್ಲಿಯೇ ಕಿವಿಗೆ ಬಿದ್ದರೂ ಆ ಕಾಲವನ್ನೇ ಎಳೆದು ತರುತ್ತವೆ. ಈ ನಂಟು ಬೆಳೆಯುವ ಬಗೆ ಯಾವುದು ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನ ಮನಸ್ಸಿನಲ್ಲಿದೆ. ನನ್ನ ಅನುಭವದಿಂದ ಒಂದು ಅಭಿಪ್ರಾಯಕ್ಕೆ ಬಂದಿದ್ದೇನೆ. ನೀವೆಲ್ಲರೂ ಅದನ್ನು ಒರೆಗೆ ಹಚ್ಚಬೇಕೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸಕ್ಕೆ ಸೇರಿದ ದಿನಗಳಲ್ಲಿ ನನ್ನ ಬಳಿ ಒಂದು ಕ್ಯಾಸೆಟ್ ಇತ್ತು. ಬೇರೆ ಇರಲಿಲ್ಲವಾದ್ದರಿಂದ ಅದನ್ನೇ ಬಿಟ್ಟೂಬಿಡದೆ ಕೇಳುತ್ತಿದ್ದೆ. ಆಮೇಲೆ ಬಾಡಿಗೆಯ ಕೋಣೆ ಬದಲಾಯಿತು, ಕ್ಯಾಸೆಟ್ ಪೆಟ್ಟಿಗೆಯೊಂದರ ತಳ ಸೇರಿತು. ವರ್ಷಗಳು ಕಳೆದ ಮೇಲೆ ಅದರ ಒಂದು ಹಾಡು ಯಾರದೋ ಮನೆಯಿಂದ ಕೇಳಿಸಿದಾಗ, ಆ ಕೋಣೆಯ ಕಿಟಕಿಯ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ ಎಂಬುದೂ, ತಿಂಗಳ ಕೊನೆಯಲ್ಲಿ ಕೈಯಲ್ಲಿದ್ದ ಹಣವನ್ನು ಎಣಿಸುವಾಗಿನ ಅಳುಕೂ, ಇನ್ನೂ ಯಾರೂ ಸ್ನೇಹಿತರಾಗಿರದ ಆ ಸಂಜೆಗಳ ಉದ್ದವೂ ಒಟ್ಟಿಗೇ ನೆನಪಾದವು. ಹಾಡು ಮುಗಿಯುತ್ತಿದ್ದಂತೆ, ಆ ಕ್ಯಾಸೆಟ್ಟಿನಲ್ಲಿ ಅದರ ಬೆನ್ನಿಗೇ ಬರುತ್ತಿದ್ದ ಹಾಡಿನ ಮೊದಲ ಸ್ವರ ಮನಸ್ಸಿನಲ್ಲಿ ತಾನಾಗಿಯೇ ಎದ್ದು ನಿಂತಿತು. ಹೊರಗೆ ಬಂದದ್ದು ಬೇರೆಯೇ ಹಾಡು. ಅಷ್ಟು ವರ್ಷ ಆ ಜೋಡಣೆಯನ್ನು ನಾನು ಒಮ್ಮೆಯೂ ನೆನೆದಿರಲಿಲ್ಲ.

ಇದಕ್ಕೆ ಎದುರಾಗಿ, ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಹಾಡೊಂದಿದೆ. ಅದನ್ನು ಹದಿಹರೆಯದಲ್ಲಿ ಕೇಳಿದ್ದೇನೆ, ಮದುವೆಯಾದ ಹೊಸದರಲ್ಲಿ ಕೇಳಿದ್ದೇನೆ, ಕಳೆದ ವಾರವೂ ಕೇಳಿದ್ದೇನೆ. ಅದು ಸಂತೋಷ ಕೊಡುತ್ತದೆ, ಆದರೆ ಯಾವ ಕಾಲವನ್ನೂ ಕರೆತರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಒಂದು ಘಟ್ಟದಲ್ಲಿ ತೀವ್ರವಾಗಿ ಕೇಳಿ, ಆಮೇಲೆ ಕೈಬಿಟ್ಟ ಹಾಡೇ ಆ ಘಟ್ಟವನ್ನು ಕಾಪಾಡುತ್ತದೆ. ಬದುಕಿನುದ್ದಕ್ಕೂ ಜೊತೆಗಿರುವ ಹಾಡು ಅಚ್ಚುಮೆಚ್ಚಿನದಾಗಬಹುದು, ನೆನಪಿನ ಗುರುತು ಆಗಲಾರದು.

ಈ ಯೋಚನೆಗೆ ಹಳೆಯ ಆಧಾರವೊಂದಿದೆ. ತತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಸ್ವಿಸ್ ದನಗಾಹಿಗಳ ರಾಗವೊಂದರ ಬಗ್ಗೆ ಬರೆಯುತ್ತಾನೆ. ಪರದೇಶದ ಸೇನೆಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರು ಅದನ್ನು ಕೇಳಿದರೆ ಕಣ್ಣೀರಿಡುತ್ತಿದ್ದರು, ಸೇನೆ ಬಿಟ್ಟು ಓಡಿಹೋಗುತ್ತಿದ್ದರು. ಅದಕ್ಕಾಗಿ ಅದನ್ನು ಅವರ ನಡುವೆ ನುಡಿಸುವುದನ್ನೇ ನಿಷೇಧಿಸಲಾಗಿತ್ತು ಎನ್ನುತ್ತಾನೆ. ಹೊರಗಿನವರ ಮೇಲೆ ಆ ರಾಗ ಇಂಥ ಪರಿಣಾಮವನ್ನೇನೂ ಮಾಡುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುವುದು ಸಂಗೀತದ ಗುಣವಲ್ಲ, ನೆನಪಿನ ಗುರುತಾಗಿ ಅದು ಪಡೆದುಕೊಂಡ ಶಕ್ತಿ ಎಂಬುದು ಅವನ ವಿವರಣೆ. ದೂರ ಮತ್ತು ಅಗಲಿಕೆ ಇದ್ದುದರಿಂದಲೇ ಆ ರಾಗಕ್ಕೆ ಅಷ್ಟು ಬಲ ಬಂದಿರಬೇಕು ಎಂದು ನನಗೆ ತೋರುತ್ತದೆ. ನಿಮ್ಮ ಅನುಭವ ಏನು ಹೇಳುತ್ತದೆ?

ಹಳೆಯ ರೇಡಿಯೊ:

ಮಂದ್ರಸ್ಥಾಯಿಯವರೇ, ತಮ್ಮ ಅಭಿಪ್ರಾಯವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕೈಬಿಡುವುದಕ್ಕಿಂತ ಮೊದಲು ವಯಸ್ಸಿನ ಪಾತ್ರವನ್ನು ಗಮನಿಸಬೇಕು. ಎಲ್ಲ ಘಟ್ಟಗಳಲ್ಲೂ ಹಾಡು ಒಂದೇ ಬಲದಿಂದ ಅಂಟಿಕೊಳ್ಳುವುದಿಲ್ಲ.

ವಯಸ್ಸಾದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದಾಗ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಉಳಿದ ಕಾಲದವಕ್ಕಿಂತ ದಟ್ಟವಾಗಿ ಬರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಹಾಡಿನ ವಿಷಯದಲ್ಲೂ ಹಾಗೆಯೇ. ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ವಯಸ್ಸಿನ ಕೇಳುಗರಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ತಮಗೆ ಸುಮಾರು 24 ವರ್ಷವಾಗಿದ್ದಾಗ ಬಂದ ಹಾಡುಗಳತ್ತ ಅವರ ಒಲವು ಹೆಚ್ಚಾಗಿ ವಾಲಿತ್ತು. ಬಿಬಿಸಿಯಲ್ಲಿ 1942ರಿಂದ ನಡೆದುಬಂದಿರುವ ಒಂದು ರೇಡಿಯೊ ಕಾರ್ಯಕ್ರಮದಲ್ಲಿ, ನಿರ್ಜನ ದ್ವೀಪಕ್ಕೆ ಒಯ್ಯಬಹುದಾದ ಎಂಟು ಧ್ವನಿಮುದ್ರಿಕೆಗಳನ್ನು ಅತಿಥಿಗಳು ಆರಿಸುತ್ತಾರೆ. ಆ ಆಯ್ಕೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೂ, ಸುಮಾರು ಅರ್ಧದಷ್ಟು ಹಾಡುಗಳು ಅತಿಥಿಗಳ ಹತ್ತರಿಂದ ಮೂವತ್ತರ ವಯಸ್ಸಿನ ಅವಧಿಗೆ ಸೇರಿದವು ಎಂದು ತೋರಿಸಿತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೊದಲ ಸ್ನೇಹ, ಮೊದಲ ಪ್ರೀತಿ, ಮನೆಯಿಂದ ಹೊರಬಿದ್ದ ಮೊದಲ ದಿನ, ಮೊದಲ ಸಂಪಾದನೆ, ಇವೆಲ್ಲ ಆ ಅವಧಿಯಲ್ಲೇ ಒತ್ತೊತ್ತಾಗಿ ಬರುತ್ತವೆ. ‘ನಾನು ಇಂಥವನು’ ಎಂಬ ಭಾವನೆ ರೂಪುಗೊಳ್ಳುವುದೂ ಆಗಲೇ. ಆ ವಯಸ್ಸಿನಲ್ಲಿ ನಾವು ಮೆಚ್ಚುವ ಹಾಡು ಬರಿಯ ಹಾಡಾಗಿರುವುದಿಲ್ಲ. ನಾವು ಯಾರ ಜೊತೆಗೆ ಸೇರಿದವರು, ಯಾರಿಗಿಂತ ಬೇರೆಯವರು ಎಂಬುದನ್ನು ಅದರ ಮೂಲಕವೇ ಹೇಳಿಕೊಳ್ಳುತ್ತೇವೆ.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಹಾಡನ್ನು ಆರಿಸುವ ಅಧಿಕಾರ ನಮಗಿರಲಿಲ್ಲ. ರೇಡಿಯೊ ಹಾಕಿದ್ದನ್ನು ಕೇಳಬೇಕಿತ್ತು, ಇಷ್ಟದ ಹಾಡು ಮತ್ತೆ ಯಾವಾಗ ಬರುತ್ತದೆಂದು ಕಾಯಬೇಕಿತ್ತು. ಕಾದು ಕೇಳಿದ ಹಾಡಿಗೆ ಕಾಯುತ್ತಾ ಕುಳಿತ ಜಾಗವೂ ಹೊತ್ತೂ ಸೇರಿಕೊಳ್ಳುತ್ತಿದ್ದವು.

ಇಳಿಸಂಜೆ:

ಹಿರಿಯರಾದ ಹಳೆಯ ರೇಡಿಯೊ ಅವರು ಕೊಟ್ಟ ಮಾಹಿತಿ ಬೆಲೆಯುಳ್ಳದ್ದು. ಆದರೂ ಮೂವತ್ತರ ನಂತರ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಅರ್ಥ ಅದರಿಂದ ಹುಟ್ಟಬಾರದೆಂದು ನನ್ನ ವಿನಂತಿ. ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಹಾಡು ನನಗೆ ನಲವತ್ತು ಹತ್ತಿರವಾದಾಗ, ತಡವಾಗಿ ಮಗಳು ಹುಟ್ಟಿದ ಮೇಲೆ ಬಂದದ್ದು. ಅದು ಜೋಗುಳವೂ ಅಲ್ಲ. ನಿಧಾನವಾದ, ಸ್ವಲ್ಪ ವಿಷಾದದ ಹಾಡು. ಬೇರೆ ಯಾವುದಕ್ಕೂ ನಿದ್ದೆ ಹೋಗದ ಮಗು, ಅದರ ಎರಡನೆಯ ಚರಣ ಬರುವ ಹೊತ್ತಿಗೆ ನನ್ನ ಭುಜದ ಮೇಲೆ ತಲೆಯ ಭಾರವನ್ನು ಪೂರ್ತಿಯಾಗಿ ಬಿಡುತ್ತಿತ್ತು. ಈಗ ಆ ಚರಣ ಬಂದರೆ ನನ್ನ ಎಡಭುಜ ತಾನಾಗಿಯೇ ತುಸು ಮೇಲೇಳುತ್ತದೆ.

ಹುಟ್ಟುವ ಮೊದಲೇ ಮಗು ಹಾಡನ್ನು ಗುರುತಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಫಿನ್ಲೆಂಡಿನ ಸಂಶೋಧಕರು 2013ರಲ್ಲಿ ಸಾಕ್ಷ್ಯ ಕೊಟ್ಟಿದ್ದಾರೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ತಾಯಂದಿರು ಒಂದು ಸರಳ ಮಕ್ಕಳ ಧಾಟಿಯನ್ನು ಮತ್ತೆ ಮತ್ತೆ ಕೇಳಿಸಿದ್ದರು. ಆ ಶಿಶುಗಳ ಮಿದುಳು ಹುಟ್ಟಿದಾಗಲೂ, ನಾಲ್ಕು ತಿಂಗಳಾದಾಗಲೂ ಆ ಧಾಟಿಗೆ ಉಳಿದ ಶಿಶುಗಳಿಗಿಂತ ಹೆಚ್ಚು ಸ್ಪಂದಿಸಿತು. ಹಾಗಾಗಿ ಒಂದೇ ಹಾಡು ತಾಯಿಯ ಬದುಕಿನಲ್ಲಿ ನಡುವಯಸ್ಸಿನ ಗುರುತಾಗಿ, ಮಗುವಿನ ಬದುಕಿನಲ್ಲಿ ಎಲ್ಲಕ್ಕಿಂತ ಮೊದಲಿನ ಪರಿಚಯವಾಗಿ ಒಟ್ಟೊಟ್ಟಿಗೆ ನೆಲೆಯೂರಬಹುದು.

ಹರೆಯದಲ್ಲಿ ‘ಮೊದಲ ಸಲ’ ಎನ್ನುವಂಥವು ಹೆಚ್ಚಿರುತ್ತವೆ, ನಿಜ. ಆದರೆ ತಾಯ್ತನ, ಊರು ಬಿಡುವುದು, ದೊಡ್ಡ ಕಾಯಿಲೆ, ನಿವೃತ್ತಿ, ಇವೂ ಮೊದಲ ಸಲವೇ ಅಲ್ಲವೇ? ಆಗ ಕಿವಿ ತೆರೆದಿದ್ದರೆ ಹಾಡು ಅಂಟಿಕೊಳ್ಳುತ್ತದೆ. ನಡುವಯಸ್ಸಿನಲ್ಲಿ ನಾವು ಹೊಸ ಹಾಡನ್ನು ಹತ್ತಿರ ಬಿಟ್ಟುಕೊಳ್ಳುವುದೇ ಕಡಿಮೆ. ಕೆಲಸದ ನಡುವೆ ಎಲ್ಲೋ ಹಿನ್ನೆಲೆಯಲ್ಲಿ ಒಮ್ಮೆ ಕೇಳಿ ಬಿಟ್ಟುಬಿಡುತ್ತೇವೆ.

ಅನುಪಲ್ಲವಿ:

ನಾನು ಹಾಡುಗಾರಿಕೆಯನ್ನು ಕಲಿತವಳು, ಕಲಿಸುವವಳು. ಮಂದ್ರಸ್ಥಾಯಿಯವರ ಮುಖ್ಯ ಅಭಿಪ್ರಾಯದ ಬಗ್ಗೆ ನನ್ನದೊಂದು ಭಿನ್ನಮತವಿದೆ. ಅದಕ್ಕೆ ಮುನ್ನ ಅವರ ಪರವಾಗಿಯೇ ಒಂದು ಮಾತು ಹೇಳಬೇಕು.

ನೆನಪಿನ ಅಧ್ಯಯನದಲ್ಲಿ ಚೆನ್ನಾಗಿ ಸ್ಥಾಪಿತವಾದ ತತ್ವವೊಂದಿದೆ. ಒಂದು ಸುಳಿವಿಗೆ ಎಷ್ಟು ಹೆಚ್ಚು ನೆನಪುಗಳು ಜೋಡಣೆಯಾಗುತ್ತವೆಯೋ, ಅವುಗಳಲ್ಲಿ ಯಾವುದೇ ಒಂದನ್ನು ಎತ್ತಿಕೊಡುವ ಅದರ ಸಾಮರ್ಥ್ಯ ಅಷ್ಟು ಕುಗ್ಗುತ್ತದೆ. ಒಂದೇ ಕೋಣೆಯಲ್ಲಿ ಕೇಳಿದ ಹಾಡಿಗೆ ಆ ಕೋಣೆಯೊಂದೇ ಉತ್ತರ. ನೂರು ಕಡೆ ಕೇಳಿದ ಹಾಡಿಗೆ ನೂರು ಉತ್ತರಗಳು ಒಟ್ಟಿಗೇ ನುಗ್ಗಿ, ಒಂದೂ ಸ್ಪಷ್ಟವಾಗಿ ಮೇಲೆ ಬರುವುದಿಲ್ಲ. ಅವರು ಅನುಭವದಿಂದ ಕಂಡುಕೊಂಡದ್ದು ಇದನ್ನೇ. ಪೀಟರ್ ಜನಾಟ ಎಂಬ ನರವಿಜ್ಞಾನಿ 2009ರಲ್ಲಿ, ಯುವಜನರಿಗೆ ಅವರ ಬಾಲ್ಯ ಮತ್ತು ಹದಿಹರೆಯದ ಹಾಡುಗಳ ತುಣುಕುಗಳನ್ನು ಕೇಳಿಸಿ ಮಿದುಳಿನ ಚಟುವಟಿಕೆಯನ್ನು ಅಳೆದರು. ಸ್ವಂತ ನೆನಪನ್ನು ಎಬ್ಬಿಸಿದ ಹಾಡು ಬಂದಾಗ ಹಣೆಯ ಹಿಂದಿರುವ ಮಿದುಳಿನ ನಡುಭಾಗ ಹೆಚ್ಚು ಚುರುಕಾಯಿತು. ಅದೇ ಭಾಗ ಸಂಗೀತದ ಸ್ವರಗಳ ಚಲನೆಯನ್ನೂ ಹಿಂಬಾಲಿಸುತ್ತಿತ್ತು. ನಮ್ಮ ಬಗ್ಗೆ ನಾವೇ ಯೋಚಿಸುವಾಗ ಕೆಲಸ ಮಾಡುವ ಪ್ರದೇಶವೂ ಅದೇ. ರಾಗ, ನೆನಪು, ‘ನಾನು’ ಎಂಬ ಅರಿವು ಇಷ್ಟು ಹತ್ತಿರ ಹತ್ತಿರ ಇರುವುದರಿಂದಲೇ ಹಾಡು ಬಂದಾಗ ಆ ಕಾಲದ ನಾವೂ ಎದ್ದು ಬರುತ್ತೇವೆ.

ಈಗ ನನ್ನ ಭಿನ್ನಮತ. ಕೇಳುವವರಿಗೆ ಈ ಮಾತು ಸಲ್ಲಬಹುದು, ಹಾಡುವವರಿಗೆ ಪೂರ್ತಿ ಸಲ್ಲುವುದಿಲ್ಲ. ಬಾಲ್ಯದಲ್ಲಿ ಕಲಿತ ಒಂದು ರಚನೆಯನ್ನು ನಾನು ಇಂದಿಗೂ ಹಾಡುತ್ತೇನೆ. ಒಂದು ತಿರುವಿನಲ್ಲಿ ಉಸಿರು ಸಾಲದೆ ಗುರುಗಳು ಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳಲು ತೋರಿಸಿಕೊಟ್ಟಿದ್ದರು. ಇವತ್ತಿಗೂ ಆ ಜಾಗ ಬಂದಾಗ ಅವರ ಬೆರಳಿನ ಸನ್ನೆ ಕಣ್ಣಿಗೆ ಕಟ್ಟುತ್ತದೆ. ಅದೇ ರಚನೆಯ ಇನ್ನೊಂದು ಸಂಗತಿಯನ್ನು (ಒಂದು ಸಾಲನ್ನೇ ತುಸು ಬದಲಿಸಿ ಹಾಡುವ ಬಗೆಯನ್ನು) ನನಗೆ ನಾನೇ ಕಂಡುಕೊಂಡದ್ದು ಬಹಳ ಕಾಲದ ನಂತರ. ಅಲ್ಲಿ ಬೇರೆಯೇ ಕಾಲ ಇದೆ. ಹಾಡು ಇಡಿಯಾಗಿ ಒಂದು ಗುರುತಾಗದೆ, ಅದರ ಒಂದೊಂದು ಮೂಲೆ ಒಂದೊಂದು ಘಟ್ಟವನ್ನು ಇಟ್ಟುಕೊಳ್ಳಬಹುದು. ಜೀವನಪೂರ್ತಿ ಜೊತೆಗಿದ್ದ ಹಾಡು ನೆನಪಿನ ಗುರುತು ಆಗಲಾರದು ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಮಂದ್ರಸ್ಥಾಯಿ:

ಅನುಪಲ್ಲವಿಯವರೇ, ನೀವು ತೋರಿಸಿದ ಭೇದ ನನಗೆ ಹೊಳೆದಿರಲಿಲ್ಲ. ಹಾಡುವಾಗ ಗಮನ ಪ್ರತಿ ತಿರುವಿನಲ್ಲೂ ಇರುತ್ತದೆ. ನನ್ನಂಥ ಕೇಳುಗನಿಗೆ ಹಾಡು ಒಂದೇ ಹರಿವಾಗಿ ಬರುತ್ತದೆ. ನನ್ನ ಮಾತನ್ನು ಕೇಳುಗರಿಗೆ ಮಾತ್ರ ಸೀಮಿತಗೊಳಿಸಿಕೊಳ್ಳುತ್ತೇನೆ, ಆದರೆ ಅಷ್ಟರ ಮಟ್ಟಿಗೆ ಅದರಲ್ಲಿ ಗಟ್ಟಿಯಾಗಿ ನಿಲ್ಲುತ್ತೇನೆ.

ಒಂಟಿಹಕ್ಕಿ:

ನಾನು ಇಲ್ಲಿ ಒಂದು ಕಷ್ಟದ ಪ್ರಶ್ನೆ ಕೇಳಬಹುದೇ? ನನ್ನ ಅಣ್ಣ ತೀರಿಕೊಂಡು ಕೆಲವು ವರ್ಷಗಳಾದವು. ಚಿಕ್ಕಂದಿನಲ್ಲಿ ನಾವಿಬ್ಬರೂ ಕೂಡಿ ಹಾಡುತ್ತಿದ್ದ ಒಂದು ಹಾಡಿದೆ. ಪಲ್ಲವಿಯ ಕೊನೆಯ ಸಾಲನ್ನು ಅವನು ಬೇಕೆಂದೇ ತಡಮಾಡಿ ಎತ್ತಿಕೊಳ್ಳುತ್ತಿದ್ದ, ನಾನು ಕಾಯುತ್ತಿದ್ದೆ. ಈಗ ಆ ಹಾಡು ಎಲ್ಲಿ ಕೇಳಿಸಿದರೂ ಎದ್ದು ಹೊರಗೆ ಹೋಗುತ್ತೇನೆ. ಮತ್ತೆ ಮತ್ತೆ ಕೇಳಿದರೆ ನೋವು ಕಡಿಮೆಯಾಗುತ್ತದೆ ಎಂದು ಹತ್ತಿರದವರು ಹೇಳುತ್ತಾರೆ. ಮಂದ್ರಸ್ಥಾಯಿಯವರ ಮಾತು ನಿಜವಾದರೆ, ಹಾಗೆ ಕೇಳುತ್ತಾ ಹೋದಂತೆ ಅಣ್ಣನ ನೆನಪೂ ಅದರಿಂದ ಕಳಚಿಹೋಗುತ್ತದೆಯಲ್ಲವೇ? ಆ ಹೆದರಿಕೆಯಿಂದಲೇ ಕೇಳದೆ ಉಳಿದಿದ್ದೇನೆ.

ಹಳೆಯ ರೇಡಿಯೊ:

ಒಂಟಿಹಕ್ಕಿ, ನೀವು ನನಗಿಂತ ಚಿಕ್ಕವರೆಂದು ಭಾವಿಸಿ ಹೇಳುತ್ತೇನೆ. ಹಾಡಿನಿಂದ ಕಳಚಿದರೂ ಅಣ್ಣ ನಿಮ್ಮಿಂದ ಕಳಚುವುದಿಲ್ಲ. ಹಾಡು ಅವನ ಬಳಿಗೆ ಹೋಗುವ ದಾರಿಗಳಲ್ಲಿ ಒಂದು ಮಾತ್ರ. ಹಾಗೆಂದು ಆ ದಾರಿಯನ್ನು ಈಗಲೇ ತುಳಿಯಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸಬಾರದು.

ಮಂದ್ರಸ್ಥಾಯಿ:

ಒಂಟಿಹಕ್ಕಿಯವರೇ, ನಿಮ್ಮ ಪ್ರಶ್ನೆ ನನ್ನ ಮಾತಿನಿಂದಲೇ ಎದ್ದಿರುವುದರಿಂದ ಉತ್ತರಿಸುವ ಹೊಣೆ ನನ್ನ ಮೇಲಿದೆ. ಪ್ರತಿದಿನ, ಬೇರೆ ಕೆಲಸಗಳ ನಡುವೆ ಹಿನ್ನೆಲೆಯಾಗಿ ಕೇಳಿದರೆ ಹಾಡಿನ ಮೊನೆ ಮೊಂಡಾಗುತ್ತದೆ, ಅದರೊಂದಿಗೆ ನೋವೂ ಮೊಂಡಾಗುತ್ತದೆ. ಕೆಲವರಿಗೆ ಅದೇ ಬೇಕಾಗಿರುತ್ತದೆ. ಬದುಕು ಮುಂದೆ ಸಾಗಲು ಅವರಿಗೆ ಅದು ಅಗತ್ಯ. ಆದರೆ ನಿಮಗೆ ಬೇಕಿರುವುದು ಅದಲ್ಲ ಎಂದು ನಿಮ್ಮ ಮಾತಿನಿಂದ ತಿಳಿಯುತ್ತದೆ. ಅಪರೂಪಕ್ಕೆ, ನೀವೇ ಆರಿಸಿಕೊಂಡ ಹೊತ್ತಿನಲ್ಲಿ, ಅಣ್ಣನನ್ನು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು ಬೇರೆ. ಆಗ ಹಾಡಿಗೆ ಹೊಸದಾಗಿ ಸೇರುವುದೂ ಅಣ್ಣನ ಮಾತೇ ಆಗಿರುತ್ತದೆ, ಆದ್ದರಿಂದ ನಂಟು ಚದುರುವುದಿಲ್ಲ.

ಒಂಟಿಹಕ್ಕಿ:

ಅತ್ತಿಗೆಯ ಜೊತೆ ಕುಳಿತು ಕೇಳಬಹುದೆಂದು ಇಷ್ಟು ದಿನ ನನಗೆ ತೋಚಿರಲಿಲ್ಲ. ಧನ್ಯವಾದಗಳು.

ಹೊಸಚರಣ:

ಇಲ್ಲಿರುವ ಬಹುಪಾಲು ಹಿರಿಯರಿಗಿಂತ ನಾನು ಕಿರಿಯವನು. ಕ್ಯಾಸೆಟ್ಟೂ ಇಲ್ಲದೆ, ರೇಡಿಯೊಗೆ ಕಾಯುವುದೂ ಇಲ್ಲದೆ, ಮೊಬೈಲಿನಲ್ಲಿ ಕೋಟ್ಯಂತರ ಹಾಡುಗಳನ್ನು ಇಟ್ಟುಕೊಂಡು ಬೆಳೆದ ನಮ್ಮ ಪೀಳಿಗೆಗೆ ಇಂಥ ಹಾಡುಗಳು ಉಳಿಯುತ್ತವೆಯೇ ಎಂಬ ಅನುಮಾನ ನನಗಿದೆ. ಒಂದು ಹಾಡನ್ನು ಮೆಚ್ಚಿದ ಕೂಡಲೇ ಆ್ಯಪ್ ಅದರಂಥದ್ದೇ ಇನ್ನೊಂದನ್ನು ಮುಂದಿಡುತ್ತದೆ. ಒಂದರಲ್ಲಿ ನಿಲ್ಲುವ ಮುನ್ನವೇ ಮತ್ತೊಂದು ಬರುತ್ತದೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನನ್ನ ಬಾಲ್ಯವನ್ನು ಎಲ್ಲಕ್ಕಿಂತ ಬಲವಾಗಿ ಎಬ್ಬಿಸುವ ಹಾಡುಗಳು ನನ್ನ ಕಾಲದವಲ್ಲ, ಅಪ್ಪನ ಹರೆಯದವು. ದೂರ ಪ್ರಯಾಣದಲ್ಲಿ ಅವರು ಅವುಗಳನ್ನೇ ಹಾಕುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನನಗೆ ಬೇರೆ ಆಯ್ಕೆ ಇರಲಿಲ್ಲ. ಅಂದರೆ ಅಪ್ಪನ ಇಪ್ಪತ್ತರ ಹಾಡು ನನ್ನ ಆರರ ಹಾಡಾಗಿದೆ.

ಅನುಪಲ್ಲವಿ:

ಹೊಸಚರಣ ಅವರೇ, ನಿಮ್ಮ ಅನುಭವ ವಿಚಿತ್ರವೇನಲ್ಲ, ಅದಕ್ಕೆ ಅಧ್ಯಯನದ ಆಧಾರವೂ ಇದೆ. ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಪ್ಪತ್ತರ ಆಸುಪಾಸಿನ ಯುವಜನರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಲಾಯಿತು. ಅವರ ಸ್ವಂತ ಕಾಲದ ಹಾಡುಗಳ ಜೊತೆಗೆ, ಅವರ ತಂದೆತಾಯಿಯರು ಹರೆಯದಲ್ಲಿದ್ದಾಗಿನ ಹಾಡುಗಳಿಗೂ ನೆನಪು ಮತ್ತು ಮೆಚ್ಚುಗೆ ಏರಿತು. 1960ರ ದಶಕದ ಹಾಡುಗಳ ಬಳಿ ಮತ್ತೊಂದು ಏರಿಕೆ ಕಂಡಿತು. ಮನೆಯಲ್ಲಿ ಹಿರಿಯರು ಕೇಳಿದ್ದು ಮಕ್ಕಳಿಗೆ ಇಳಿದು ಬರುತ್ತದೆ. ಆದ್ದರಿಂದ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ: ಮನೆಯಲ್ಲಿ ಎಲ್ಲರೂ ಅವರವರ ಕಿವಿಗೆ ಅವರವರ ಇಯರ್‌ಫೋನ್ ಹಾಕಿಕೊಂಡಿರುವ ಈ ದಿನಗಳಲ್ಲಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಹಾಡು ಎಲ್ಲರಿಗೂ ಕೇಳುವಂತೆ ಕೋಣೆಯಲ್ಲಿ ಮೊಳಗಲಿ.

ಹಳೆಯ ರೇಡಿಯೊ:

ಕೇಳುವ ಸಾಧನ ಬದಲಾದಾಗಲೆಲ್ಲ ಹಾಡು ಬದುಕಿನೊಂದಿಗೆ ಕೂಡಿಕೊಳ್ಳುವ ರೀತಿಯೂ ಬದಲಾಗಿದೆ. ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷ ಮಾತ್ರ ಹಿಡಿಸುತ್ತಿತ್ತು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಹಾಡುಗಳು ಒಂದು ಕ್ರಮದಲ್ಲಿ, ಸರಣಿಯಾಗಿ ಮನಸ್ಸಿಗೆ ಇಳಿದವು. 1963ರಲ್ಲಿ ಕ್ಯಾಸೆಟ್ ಬಂದು ಆ ಕ್ರಮವನ್ನು ನಾವೇ ಜೋಡಿಸಿಕೊಳ್ಳುವಂತಾಯಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಜೊತೆಗೊಯ್ಯುವ ಪುಟ್ಟ ಕ್ಯಾಸೆಟ್ ಯಂತ್ರವಾದ 1979ರ ವಾಕ್‌ಮನ್. ಅಲ್ಲಿಯವರೆಗೆ ಹಾಡು ಇರುವ ಕಡೆಗೆ ನಾವು ಹೋಗುತ್ತಿದ್ದೆವು. ಅಂದಿನಿಂದ ನಾವು ಹೋದ ಕಡೆಗೆಲ್ಲ ಹಾಡು ಬರತೊಡಗಿತು. ನಡೆದ ರಸ್ತೆ, ಕುಳಿತ ರೈಲು, ಒಬ್ಬರೇ ಹತ್ತಿದ ಮೆಟ್ಟಿಲು ಎಲ್ಲಕ್ಕೂ ಹಾಡು ಬೆರೆಯಿತು.

ಹಾಗಾಗಿ ಹೊಸಚರಣ ಅವರು ಹೆದರಬೇಕಿಲ್ಲ. ಕೋಟಿ ಹಾಡುಗಳಿದ್ದರೂ, ಪರೀಕ್ಷೆಗೆ ಓದಿದ ಆ ಒಂದು ತಿಂಗಳು ನೀವು ಮತ್ತೆ ಮತ್ತೆ ಒತ್ತಿದ ಹಾಡು ಒಂದೋ ಎರಡೋ ಇದ್ದೇ ಇರುತ್ತದೆ. ಮುಂದೆ ಉಳಿಯುವುದು ಅದೇ.

ಇಳಿಸಂಜೆ:

ಚರ್ಚೆ ಇಲ್ಲಿಗೆ ಬಂದಿರುವುದರಿಂದ ನನ್ನ ಮನೆಯ ಸಂಗತಿಯೊಂದನ್ನು ಹೇಳಿ ಸಲಹೆ ಕೇಳುತ್ತೇನೆ. ಅಮ್ಮನಿಗೆ ಮರೆವಿನ ಕಾಯಿಲೆ. ನನ್ನ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ಆದರೆ ಮೊನ್ನೆ ನಾನು ಬಟ್ಟೆ ಮಡಿಸುತ್ತಾ ಹಳೆಯ ಹಾಡೊಂದನ್ನು ಗುನುಗುತ್ತಿದ್ದಾಗ, ನಾನು ಮರೆತು ನಿಂತ ಸಾಲನ್ನು ಅಮ್ಮ ಎತ್ತಿಕೊಂಡು ಚರಣವನ್ನು ಕೊನೆಯವರೆಗೆ ಹಾಡಿದರು. ಒಂದು ಅಕ್ಷರವೂ ತಪ್ಪಲಿಲ್ಲ. ಅವರಿಗಾಗಿ ಹಾಡುಗಳ ಪಟ್ಟಿಯೊಂದನ್ನು ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಹಳೆಯ ರೇಡಿಯೊ:

ನನ್ನ ಪತ್ನಿಯನ್ನು ಇದೇ ಸ್ಥಿತಿಯಲ್ಲಿ ನೋಡಿಕೊಂಡವನು ನಾನು. ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಆಗ ಧೈರ್ಯ ಕೊಟ್ಟಿತ್ತು. ಬಹಳ ಕಾಲದಿಂದ ತಿಳಿದಿರುವ ಸಂಗೀತವನ್ನು ಗುರುತಿಸುವ ಮಿದುಳಿನ ಭಾಗಗಳು, ಆಲ್ಜೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಹಾನಿಗೊಳಗಾಗುತ್ತವೆ ಎಂದು ಅವರು ತೋರಿಸಿದರು. ಹಾಡು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದರೆ ಆ ಹೊತ್ತಿನ ಮಟ್ಟಿಗೆ ಮನುಷ್ಯ ನಮಗೆ ಸಿಗುತ್ತಾರೆ, ಅದು ಸಣ್ಣದಲ್ಲ.

ಅಮ್ಮನಿಗೆ ಹತ್ತರಿಂದ ಮೂವತ್ತು ವರ್ಷವಾಗಿದ್ದ ಅವಧಿಯನ್ನು ಲೆಕ್ಕ ಹಾಕಿ, ಆ ಕಾಲದ ಹಾಡುಗಳಿಂದ ಆರಂಭಿಸಿ. ಅವರ ಒಡಹುಟ್ಟಿದವರು, ಹಳೆಯ ಗೆಳತಿಯರು ಇದ್ದರೆ ಕೇಳಿ. ಮಕ್ಕಳಿಗೆ ತಿಳಿಯದ ಹಾಡುಗಳು ಅವರಿಗೆ ತಿಳಿದಿರುತ್ತವೆ. ಒಂದು ಸಲಕ್ಕೆ ಒಂದೋ ಎರಡೋ ಹಾಡು ಸಾಕು. ಟಿವಿ ಆರಿಸಿ, ಎದುರಿಗೆ ಕುಳಿತು, ಅವರ ಮುಖವನ್ನು ನೋಡುತ್ತಾ ಕೇಳಿಸಿ. ಹುಬ್ಬು ಗಂಟಿಕ್ಕಿದರೆ, ಕೈ ಚಡಪಡಿಸಿದರೆ ಕೂಡಲೇ ನಿಲ್ಲಿಸಿ, ಆ ಹಾಡನ್ನು ಪಟ್ಟಿಯಿಂದ ತೆಗೆದುಹಾಕಿ. ಎಲ್ಲ ನೆನಪುಗಳೂ ಸುಖದವಾಗಿರುವುದಿಲ್ಲ. ಮಂದ್ರಸ್ಥಾಯಿಯವರ ಮಾತು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ದಿನವಿಡೀ ಹಾಕಿಟ್ಟರೆ ಹಾಡು ಬರಿಯ ಸದ್ದಾಗಿಬಿಡುತ್ತದೆ.

ಮಂದ್ರಸ್ಥಾಯಿ:

ಇದನ್ನು ಓದಿದ ಮೇಲೆ ನಾನೂ ಒಂದು ಕೆಲಸಕ್ಕೆ ಕೈಹಾಕಿದ್ದೇನೆ. ನನ್ನ ಹಾಡುಗಳ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದರ ಎದುರಿಗೂ ಅದು ಯಾವ ವರ್ಷದ್ದು, ಎಲ್ಲಿ ಕೇಳಿದ್ದು, ಯಾರಿದ್ದರು ಎಂಬುದನ್ನು ಗುರುತು ಹಾಕುತ್ತಿದ್ದೇನೆ. ಮುಂದೆ ನನಗೆ ಹೇಳಲಾಗದ ದಿನ ಬಂದರೆ, ಮಕ್ಕಳು ಊಹಿಸುತ್ತಾ ಕೂರಬೇಕಾಗಬಾರದು. ನನ್ನ ಮೆಚ್ಚಿನ ಹಾಡು ಅದರಲ್ಲಿ ಸೇರಿಲ್ಲ, ಆ ಕ್ಯಾಸೆಟ್ಟಿನ ಎಲ್ಲ ಹಾಡುಗಳೂ ಸೇರಿವೆ.

ಅನುಪಲ್ಲವಿ:

ಇಳಿಸಂಜೆಯವರೇ, ಅಮ್ಮನಿಗೆ ಧ್ವನಿಮುದ್ರಿಕೆಯನ್ನು ಕೇಳಿಸುವುದರ ಜೊತೆಗೆ ನೀವೇ ಹಾಡಿ, ಅವರನ್ನೂ ಹಾಡಲು ಬಿಡಿ. ಆದರೆ ಮೂಲ ಶ್ರುತಿಯಲ್ಲಿ ಎತ್ತಿಕೊಳ್ಳಬೇಡಿ. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಉಸಿರಿನ ಉದ್ದವೂ ಕಡಿಮೆಯಾಗುತ್ತದೆ. ಮೇಲಿನ ಸ್ವರ ಮುಟ್ಟಲಾಗದಿದ್ದರೆ ಹಾಡು ನೆನಪಿದ್ದರೂ ಅವರು ಸುಮ್ಮನಾಗಿಬಿಡುತ್ತಾರೆ, ನಾವು ಮರೆತಿದ್ದಾರೆ ಅಂದುಕೊಳ್ಳುತ್ತೇವೆ. ಎರಡು ಮೂರು ಸ್ವರ ಕೆಳಗೆ ಹಿಡಿದು, ನಿಮಗೆ ಸ್ವಲ್ಪ ಎಳೆದಂತೆ ಅನಿಸುವಷ್ಟು ನಿಧಾನವಾಗಿ ಆರಂಭಿಸಿ. ಮೊದಲ ಸಾಲನ್ನು ನೀವು ಹಾಡಿ, ಎರಡನೆಯ ಸಾಲಿಗೆ ಮುನ್ನ ಉಸಿರು ತೆಗೆದುಕೊಂಡು ಕಾಯಿರಿ. ಮೊನ್ನೆ ನೀವು ಸಾಲು ಮರೆತು ನಿಂತಾಗ ಅವರಿಗೆ ಸಿಕ್ಕಿದ್ದೂ ಅಷ್ಟೇ ಅವಕಾಶ.